‘ನಮ್ದೇನ್ ಹೋಗ್ತೈತಿ?’

ಬೆಲ್ಟ್ ಹರಿದದ್ದು ರಾತ್ರಿ ಎರಡೂವರೆಗೆ. ಫೋನ್ ಬಂದಾಗ ಮನೆಯಲ್ಲಿ ಮಲಗಿದ್ದೆ. ಕೊಪ್ಪಳದ ಹತ್ತಿರ ಕಬ್ಬಿಣ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಮೆಂಟೆನೆನ್ಸ್ ವಿಭಾಗ ನೋಡಿಕೊಳ್ಳುತ್ತೇನೆ. ಅದಿರು, ಕಲ್ಲಿದ್ದಲನ್ನು ಯಾರ್ಡಿನಿಂದ ಮೇಲಕ್ಕೆ ಹೊತ್ತೊಯ್ಯುವ ರಬ್ಬರ್ ಬೆಲ್ಟ್‌ಗಳು ನಮ್ಮ ಪಾಲಿನ ಕೆಲಸ. ಬೈಕ್ ಹತ್ತಿ ಹೋಗಿ ನೋಡಿದೆ. ಬೆಲ್ಟ್ ಅಡ್ಡಕ್ಕೆ ತುಂಡಾಗಿರಲಿಲ್ಲ, ಉದ್ದಕ್ಕೆ ಸೀಳಿತ್ತು. ಹಳೆ ಸೀರೆಯನ್ನು ಕೌದಿಗೆ ಅಂತ ಸೀಳುತ್ತಾರಲ್ಲ, ಹಾಗೆ. ಎಂಬತ್ತು ಮೀಟರ್.

ಹೀಗಾಗುವುದಕ್ಕೆ ಕಾರಣ ಬಹಳ ಸಣ್ಣದು. ಬೆಲ್ಟ್ ಕೆಳಗೆ ಸಾಲಾಗಿ ರೋಲರ್‌ಗಳಿರುತ್ತವೆ. ಬೆಲ್ಟ್ ಓಡಿದ ಹಾಗೆ ಅವೂ ತಿರುಗಬೇಕು. ಒಂದರ ಬೇರಿಂಗಿಗೆ ಧೂಳು ಹೊಕ್ಕು ಅದು ಜಾಮ್ ಆದರೆ ತಿರುಗುವುದು ನಿಲ್ಲುತ್ತದೆ. ಆದರೆ ಬೆಲ್ಟ್ ನಿಲ್ಲುವುದಿಲ್ಲ, ಅದರ ಮೇಲೆ ಉಜ್ಜುತ್ತಲೇ ಓಡುತ್ತದೆ. ದಿನಗಟ್ಟಲೆ ಉಜ್ಜಿ ಉಜ್ಜಿ ರೋಲರಿನ ಕಬ್ಬಿಣ ಒಂದು ಕಡೆ ಸವೆದು ತೂತು ಬೀಳುತ್ತದೆ. ಆ ತೂತಿನ ಅಂಚು ಕುಡುಗೋಲಿಗಿಂತ ಚೂಪು. ಆಮೇಲೆ ಬೆಲ್ಟ್ ಸೀಳಲು ನಿಮಿಷಗಳು ಸಾಕು.

ಜಾಮ್ ಆದ ರೋಲರ್ ಸುಮ್ಮನೆ ಇರುವುದಿಲ್ಲ. ಕಿರ್‍ರ್ ಅಂತ ಒಂದು ಸಪ್ಪಳ ಮಾಡುತ್ತದೆ. ಬೆಲ್ಟ್ ಓಡುವ ಉದ್ದನೆಯ ದಾರಿಗೆ ಗ್ಯಾಲರಿ ಅನ್ನುತ್ತೇವೆ. ಆ ಗ್ಯಾಲರಿಯಲ್ಲಿ ಎಂಟು ಗಂಟೆ ನಡೆದಾಡುವ ಮನುಷ್ಯನಿಗೆ ಅದು ಕೇಳಿಸದೆ ಇರಲು ಸಾಧ್ಯವೇ ಇಲ್ಲ.

ಅವತ್ತು ಡ್ಯೂಟಿಯಲ್ಲಿದ್ದ ಆಪರೇಟರನ್ನು ಕೇಳಿದೆ. ಎಷ್ಟು ದಿನದಿಂದ ಸಪ್ಪಳ ಬರುತ್ತಿತ್ತು? ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಹೇಳಿದ. ‘ನಾಕ್ ದಿನದಿಂದ ಬರಾಕತ್ತಿತ್ರಿ ಸರ್.’

‘ಮತ್ತೆ ಯಾಕೆ ಹೇಳಲಿಲ್ಲ?’

‘ಹೇಳಿದ್ರ ನನ್ ಮ್ಯಾಲೇ ಬರ್ತೈತ್ರಿ.’

ನನಗೆ ಸಿಟ್ಟು ನೆತ್ತಿಗೇರಿತು. ಬೆಳಗಾಗುವ ತನಕ ಸಿಟ್ಟಿನಲ್ಲೇ ಇದ್ದೆ. ಬೆಲ್ಟಿಗೆ ಹೊಸ ತುಂಡು ಕೂಡಿಸಿ ವಲ್ಕನೈಸಿಂಗ್ ಮಾಡಲು, ಅಂದರೆ ಬಿಸಿ ಕೊಟ್ಟು ರಬ್ಬರ್ ಬೆಸೆಯಲು, ಎರಡು ದಿನ ಹಿಡಿಯಿತು. ಎರಡನೇ ದಿನ ಸಂಜೆ ಫೈಲ್ ತಿರುವುವಾಗ ಒಂದು ಕಾಗದ ಕಣ್ಣಿಗೆ ಬಿತ್ತು. ಆರು ತಿಂಗಳ ಹಿಂದಿನದು. ಇದೇ ಹುಡುಗ ಏನೋ ಸಪ್ಪಳ ಕೇಳಿ, ಬೆಲ್ಟ್ ನಿಲ್ಲಿಸಲೆಂದೇ ಪಕ್ಕದಲ್ಲಿರುವ ಹಗ್ಗ ಎಳೆದು ಅದನ್ನು ನಿಲ್ಲಿಸಿದ್ದ. ನಾವು ಹೋಗಿ ನೋಡಿದಾಗ ಏನೂ ಸಿಕ್ಕಿರಲಿಲ್ಲ. ಅರ್ಧ ಗಂಟೆ ಉತ್ಪಾದನೆ ನಿಂತಿತ್ತು. ‘ಯಾಕೆ ನಿಲ್ಲಿಸಿದೆ, ವಿವರಣೆ ಬರೆದುಕೊಡು’ ಅಂತ ನಾನೇ ಹೇಳಿದ್ದೆ. ಅವನು ಏಳನೇ ಇಯತ್ತೆ ತನಕ ಓದಿದವನು. ಬೇರೆ ಯಾರ ಕೈಲೋ ಬರೆಸಿ ಕೆಳಗೆ ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದ್ದ. ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಎಂದಿತ್ತು ಕೊನೆಯ ಸಾಲು.

ಮಾತಿಗೆ ತಪ್ಪದೆ ನಡೆದುಕೊಂಡಿದ್ದ. ಮತ್ತೆ ಹಾಗೆ ಮಾಡಿರಲಿಲ್ಲ.

ಆ ಕಾಗದ ಓದಿದ ಮೇಲೆ ಬಹಳ ದಿನ ನನಗೆ ನೆಮ್ಮದಿ ಇರಲಿಲ್ಲ. ಜನ ಕೆಲಸಕ್ಕೆ ಮನಸ್ಸು ಹಚ್ಚುವುದು ಹೇಗೆ, ಬಿಡುವುದು ಹೇಗೆ ಅನ್ನುವುದನ್ನು ನಾನು ನಿಜವಾಗಿ ಯೋಚಿಸತೊಡಗಿದ್ದು ಅಲ್ಲಿಂದ.

ನಮ್ಮ ಕಡೆ ಒಂದು ಮಾತಿದೆ. ‘ನಮ್ದೇನ್ ಹೋಗ್ತೈತಿ?’ ಆಫೀಸಿನಲ್ಲಿ ನಲ್ಲಿ ಸೋರುತ್ತಿದ್ದರೂ ಅದೇ, ಸೊಸೈಟಿಯಲ್ಲಿ ಗೊಬ್ಬರದ ಚೀಲ ಮಳೆಗೆ ನೆನೆಯುತ್ತಿದ್ದರೂ ಅದೇ. ಇದನ್ನು ನಾನು ಸೋಮಾರಿತನ ಅಂತಲೇ ತಿಳಿದಿದ್ದೆ. ‘ಈಗಿನವರಿಗೆ ಕಮಿಟ್‌ಮೆಂಟ್ ಇಲ್ಲ’ ಅಂತ ಮೀಟಿಂಗಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಆದರೆ ಇದೇ ಹುಡುಗ ವಾರದ ರಜೆಯಲ್ಲಿ ಊರ ಗುಡಿಯ ಕಟ್ಟೆಗೆ ಕಲ್ಲು ಹೊರುತ್ತಾನೆ. ಸುಗ್ಗಿ ಬಂದರೆ ಮುಯ್ಯಾಳಾಗಿ ಮಂದಿಯ ಹೊಲಕ್ಕೆ ಹೋಗುತ್ತಾನೆ. ಇವತ್ತು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಇಬ್ಬರು, ನಾಡಿದ್ದು ನಮ್ಮ ಹೊಲಕ್ಕೆ ನಿಮ್ಮ ಮನೆಯಿಂದ ಇಬ್ಬರು. ಕಾಗದವಿಲ್ಲ, ಹಾಜರಿ ಪುಸ್ತಕವಿಲ್ಲ. ಆದರೂ ಒಂದಾಳು ತಪ್ಪುವುದಿಲ್ಲ. ಅಂದರೆ ಮನಸ್ಸು ಹಚ್ಚುವ ಗುಣ ಅವನಲ್ಲಿ ಬೇಕಾದಷ್ಟಿದೆ. ನಮ್ಮ ಗೇಟಿನ ಒಳಗೆ ಬಂದಾಗ ಮಾತ್ರ ಅದು ಅವನ ಜೊತೆ ಬರುತ್ತಿಲ್ಲ. ಹಾಗಾದರೆ ತಪ್ಪು ಎಲ್ಲಿದೆ? ಅವನಲ್ಲೋ, ಗೇಟಿನ ಒಳಗೋ?

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ರೊಟ್ಟಿ ವಿಷಯ ಇಲ್ಲಿ ಹೇಳಲೇಬೇಕು. ಹೊರಗಿನವರಿಗೆ ಇದು ಲಕ್ಷಗಟ್ಟಲೆ ರೊಟ್ಟಿಯ ಲೆಕ್ಕವಾಗಿ ಸುದ್ದಿಯಲ್ಲಿ ಸಿಗುತ್ತದೆ. ನಾನು ಅದನ್ನು ಯಲಬುರ್ಗಾ ತಾಲ್ಲೂಕಿನ ನಮ್ಮ ಅತ್ತೆಯ ಓಣಿಯಲ್ಲಿ ನೋಡುತ್ತಾ ಬೆಳೆದವನು. ಜಾತ್ರೆ ಜನವರಿ ಸುಮಾರಿಗೆ. ಅದಕ್ಕೂ ಮೊದಲೇ ಒಂದು ಸಂಜೆ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಒಂದು ಮನೆಯಲ್ಲಿ ಪಟಪಟ ಅಂದರೆ ಎದುರು ಮನೆಯಲ್ಲೂ ಪಟಪಟ. ಬಿಸಿ ನೀರು ಹಾಕಿ ಜೋಳದ ಹಿಟ್ಟು ನಾದುತ್ತಾರೆ. ತಟ್ಟಿ ಹೆಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆ ಆಡಿಸುತ್ತಾರೆ. ಬೆಂದ ಮೇಲೆ ಒಲೆಯ ಪಕ್ಕ ಆನಿಸಿ ಇಡುತ್ತಾರೆ, ಕಟಕ್ ಅನ್ನುವಂತೆ ಒಣಗಬೇಕಲ್ಲ. ಅನುಕೂಲ ಇದ್ದವರು ನೂರು ಮಾಡುತ್ತಾರೆ. ನಮ್ಮ ಅತ್ತೆಯ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅವಳದು ಹನ್ನೊಂದು ರೊಟ್ಟಿ. ಪ್ರತಿ ವರ್ಷ ಹನ್ನೊಂದೇ. ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಟ್ರ್ಯಾಕ್ಟರ್ ಬರುವ ಹೊತ್ತಿಗೆ ಕಟ್ಟೆ ಮೇಲೆ ಕೂತಿರುತ್ತಿದ್ದಳು. ಭಜನೆ ಹಾಡುತ್ತಾ ಬಂದ ಟ್ರ್ಯಾಕ್ಟರಿಗೆ ತಾನೇ ಎದ್ದು ಹೋಗಿ ಕೊಡುತ್ತಿದ್ದಳು. ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಆ ಹನ್ನೊಂದು ರೊಟ್ಟಿ ಮಹಾದಾಸೋಹದ ರಾಶಿಯಲ್ಲಿ ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಜಾತ್ರೆಗೆ ಬಂದವರು ಊಟಕ್ಕೆ ಕೂತಾಗ ಅಜ್ಜಿ ‘ನಮ್ಮ ರೊಟ್ಟಿ ಉಣ್ಣಾಕತ್ಯಾರ’ ಅನ್ನುತ್ತಿದ್ದಳು. ‘ನಮ್ಮ’ ಅನ್ನುವ ಈ ಮಾತು ಎಲ್ಲಿಂದ ಬಂತು? ಅವಳಿಗೆ ಯಾರೂ ಗುರಿ ಕೊಟ್ಟಿರಲಿಲ್ಲ. ಅವಳಿಂದ ಆಗುವಷ್ಟು ಒಂದು ಪಾಲಿತ್ತು. ಅದು ಪೂರ್ತಿ ಅವಳದಾಗಿತ್ತು. ಚಿಕ್ಕದು ಅಂತ ಯಾರೂ ಅದನ್ನು ಪಕ್ಕಕ್ಕೆ ಸರಿಸಲಿಲ್ಲ.

ಹಾಗಂತ ಮುಂದಾಳು ಬೇಡವೇ ಬೇಡ ಅಂತಲ್ಲ. 2019ರಲ್ಲಿ ಕೊಪ್ಪಳದ ಹಿರೇಹಳ್ಳ ಸ್ವಚ್ಛ ಮಾಡುವ ಕೆಲಸ ನಡೆದದ್ದು ಈ ಭಾಗದವರಿಗೆಲ್ಲ ನೆನಪಿದೆ. ಹೂಳು, ಜಾಲಿ, ಕಸ ತುಂಬಿ ಹಳ್ಳ ಹಳ್ಳವಾಗಿ ಉಳಿದಿರಲಿಲ್ಲ. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಳ್ಳಕ್ಕೆ ಇಳಿದರು. ಆಮೇಲೆ ಊರೂರಿನ ಜನ ಬಂದರು. ಇಪ್ಪತ್ತು ಕಿಲೋಮೀಟರಿಗೂ ಜಾಸ್ತಿ ಉದ್ದದ ಹಳ್ಳ ಅದು. ದಂಡೆ ಮೇಲೆ ನಿಂತು ‘ಇಳಿಯಿರಿ’ ಅಂದಿದ್ದರೆ ಎಷ್ಟು ಜನ ಇಳಿಯುತ್ತಿದ್ದರು? ಒಂದಷ್ಟು ಜನ ಭಕ್ತಿಯಿಂದ ಇಳಿಯುತ್ತಿದ್ದರೇನೋ. ಆದರೆ ಮುಂದಾಳಿನ ಕಾಲಿಗೂ ಕೆಸರು ಹತ್ತಿದ್ದನ್ನು ನೋಡಿದ ಮೇಲೆ ಬರುವ ಹುರುಪೇ ಬೇರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ರೊಟ್ಟಿಯ ಕಥೆಯನ್ನು ಕಾರ್ಖಾನೆಗೆ ಹಾಗೇ ತರಲು ಬರುವುದಿಲ್ಲ. ಅಜ್ಜಿ ಸಂಬಳಕ್ಕೆ ರೊಟ್ಟಿ ಮಾಡಲಿಲ್ಲ, ನಮ್ಮವರು ಸಂಬಳಕ್ಕೇ ಬರುತ್ತಾರೆ. ‘ನಾವೆಲ್ಲ ಒಂದೇ ಕುಟುಂಬ’ ಅಂತ ಹೇಳಿ ಪುಕ್ಕಟೆ ದುಡಿಸಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಚ್ಚಿನ ಹೊತ್ತು ದುಡಿದರೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅದನ್ನು ಕೊಡದೆ ಕುಟುಂಬದ ಮಾತು ಆಡುವುದು ಮೋಸ. ಗುತ್ತಿಗೆಯವರಿಗೆ ಬೇರೆ ಬಣ್ಣದ ಹೆಲ್ಮೆಟ್, ಊಟಕ್ಕೆ ಬೇರೆ ಸರದಿ, ಕುಡಿಯುವ ನೀರಿಗೂ ದೂರ ನಡೆಯಬೇಕು. ಹೀಗೆಲ್ಲ ಮಾಡಿ ಅವರಿಂದ ‘ನಮ್ಮದು’ ಅನ್ನುವ ಮಾತು ಬರಲಿ ಅಂದರೆ ಹೇಗೆ ಬರುತ್ತದೆ? ನಮ್ಮ ಭಾಗದಲ್ಲಿ ಕಾರ್ಖಾನೆಗೆ ಹೊಲ ಕೊಟ್ಟ ಮನೆಯ ಮಕ್ಕಳೂ ಗುತ್ತಿಗೆಯಲ್ಲಿ ದುಡಿಯುತ್ತಾರೆ. ಯಾರ್ಡ್ ಇರುವ ಜಾಗದಲ್ಲಿ ತಮ್ಮ ಅಪ್ಪ ಸಜ್ಜೆ ಬಿತ್ತುತ್ತಿದ್ದ ಅಂತ ಅವರಿಗೆ ನೆನಪಿರುತ್ತದೆ. ಅವರ ಎದುರು ನಿಂತು ಕಮಿಟ್‌ಮೆಂಟ್ ಬಗ್ಗೆ ಭಾಷಣ ಮಾಡುವಾಗ ನಾಲಿಗೆ ಹಿಡಿತದಲ್ಲಿರಬೇಕು.

ಈ ಕಮಿಟ್‌ಮೆಂಟ್ ಅನ್ನುವುದನ್ನು ಕೆನಡಾದ ಮನಃಶಾಸ್ತ್ರಜ್ಞರಾದ ಜಾನ್ ಮೇಯರ್ ಮತ್ತು ನಟಾಲಿ ಆಲೆನ್ 1990ರ ಸುಮಾರಿಗೆ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಒಂದು ಸಂಸ್ಥೆಯಲ್ಲಿ ಜನ ಉಳಿಯುವುದಕ್ಕೆ ಮೂರು ಥರದ ಕಾರಣ ಇರುತ್ತದಂತೆ. ಕೆಲವರು ಇಷ್ಟಪಟ್ಟು ಇರುತ್ತಾರೆ. ಕೆಲವರು ಬಿಟ್ಟರೆ ನಷ್ಟ ಅಂತ ಇರುತ್ತಾರೆ. ಇನ್ನು ಕೆಲವರು ಬಿಡುವುದು ಸರಿಯಲ್ಲ, ಋಣ ಇದೆ ಅಂತ ಇರುತ್ತಾರೆ. ಮೂರೂ ಥರದವರು ಹಾಜರಿ ಪುಸ್ತಕದಲ್ಲಿ ಒಂದೇ ಥರ ಕಾಣುತ್ತಾರೆ. ಸಾಲ, ಮಕ್ಕಳ ಫೀಸು, ಬೇರೆ ಕಡೆ ಕೆಲಸ ಸಿಗುತ್ತದೋ ಇಲ್ಲವೋ ಅನ್ನುವ ಭಯ, ಇವೆಲ್ಲ ಮನುಷ್ಯನನ್ನು ಕೆಲಸದಲ್ಲಿ ಉಳಿಸುತ್ತವೆ. ರೋಲರಿನ ಸಪ್ಪಳಕ್ಕೆ ಕಿವಿ ಕೊಡುವಂತೆ ಮಾಡುವುದಿಲ್ಲ. ನಾನು ವರ್ಷಗಟ್ಟಲೆ ಹಾಜರಿಯನ್ನೇ ನಿಷ್ಠೆ ಅಂದುಕೊಂಡಿದ್ದೆ.

ಇನ್ನೊಂದು ಅಧ್ಯಯನ ನನ್ನನ್ನು ನೇರವಾಗಿ ತಟ್ಟಿತು. ಹಾರ್ವರ್ಡಿನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಮ್ಮಿ ಇರಬೇಕು ಅಲ್ವಾ? ಆದರೆ ಅಂಥ ತಂಡಗಳಲ್ಲೇ ಜಾಸ್ತಿ ತಪ್ಪುಗಳು ದಾಖಲಾಗಿದ್ದವು. ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು. ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಯಾರೂ ಹೆದರುತ್ತಿರಲಿಲ್ಲ. ಉಳಿದ ಕಡೆ ಮುಚ್ಚಿಡುತ್ತಿದ್ದರು. ಬೆಲ್ಟ್ ಹರಿಯುವ ಮೊದಲು ನನ್ನ ವಿಭಾಗದ ರಿಜಿಸ್ಟರಿನಲ್ಲಿ ದೂರುಗಳೇ ಇರಲಿಲ್ಲ. ಅದನ್ನು ನಾನು ಹೆಮ್ಮೆಯಿಂದ ಮೇಲಿನವರಿಗೆ ತೋರಿಸುತ್ತಿದ್ದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಚೈನ್ ತುಂಡಾಗಿತ್ತು. ಜಲಾಶಯ ತುಂಬಿ ನಿಂತಿದ್ದ ಹೊತ್ತು. ಎಡದಂಡೆ ಕಾಲುವೆಯ ಕೆಳಗೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಗದ್ದೆಗಳಿಗೆಲ್ಲ ಈ ನೀರೇ ಆಸರೆ. ಒಂದು ಗೇಟಿನ ಮೇಲೆ ಒತ್ತಡ ಕಮ್ಮಿಯಾಗಲಿ ಅಂತ ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಒಟ್ಟು 33 ಗೇಟು. ಬೆಳೆಗೆ ಅಂತ ಕೂಡಿಟ್ಟ ನೀರು ಕಣ್ಣೆದುರೇ ಹೊಳೆಗೆ ಹೋಗುತ್ತಿತ್ತು. ಆ ವಾರ ನಮ್ಮ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ.

ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಇಳಿಸುವುದು ಅಂತ ತೀರ್ಮಾನವಾಯಿತು. ಎಂಬತ್ತರ ಆಸುಪಾಸಿನ ಗೇಟ್ ತಜ್ಞ ಕನ್ನಯ್ಯ ನಾಯ್ಡು ಆ ಕೆಲಸದ ಮುಂದೆ ನಿಂತರು. ಆ ಗೇಟಿನ ಐದು ತುಂಡುಗಳು ತಯಾರಾದದ್ದು ಹೊಸಪೇಟೆ, ತೋರಣಗಲ್ಲು ಕಡೆಯ ವರ್ಕ್‌ಶಾಪುಗಳಲ್ಲಿ. ಮೊದಲ ಯತ್ನ ಕೈಗೂಡಲಿಲ್ಲ. ಆಗಸ್ಟ್ 16ಕ್ಕೆ ಮೊದಲ ತುಂಡು ಕೂತಿತು. 17ರ ಹೊತ್ತಿಗೆ ಐದೂ ಕೂತವು. ನೀರು ನಿಂತಿತು. ವೆಲ್ಡರ್‌ಗಳು, ಕ್ರೇನ್ ಆಪರೇಟರ್‌ಗಳು, ಭಾರ ಕಟ್ಟಿ ಎತ್ತಿಸುವ ರಿಗ್ಗರ್‌ಗಳು, ಅವರೆಲ್ಲ ನಮ್ಮ ಹುಡುಗರ ಹಾಗೇ ಇರುವವರು. ಕೆಳಗೆ ನೀರು ಭೋರ್ಗರೆಯುತ್ತಿರುವಾಗ ಮೇಲೆ ನಿಂತು ಕಬ್ಬಿಣದ ತುಂಡನ್ನು ಗೇಟಿನ ಸಂದಿಗೆ ಕೂಡಿಸುವುದು ಎಂಥ ಕೆಲಸ ಅಂತ ನಮ್ಮ ಕೆಲಸದವರಿಗೆ ಗೊತ್ತಾಗುತ್ತದೆ.

ಆ ದಿನಗಳ ಬಗ್ಗೆ ನನಗೆ ಬಹಳ ಅಭಿಮಾನ ಇದೆ. ಆದರೆ ‘ನೋಡಿ, ಒಗ್ಗಟ್ಟು ಅಂದರೆ ಇದು’ ಅಂತ ಯಾರಾದರೂ ಅದನ್ನೇ ಮಾದರಿಯಾಗಿ ತೋರಿಸಿದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಪಾಯ ಎದುರಿಗೆ ನಿಂತಾಗ ‘ನಮ್ದೇನ್ ಹೋಗ್ತೈತಿ’ ಅನ್ನುವವರೇ ಇರುವುದಿಲ್ಲ, ಯಾಕೆಂದರೆ ಏನು ಹೋಗುತ್ತದೆ ಅಂತ ಎಲ್ಲರಿಗೂ ಕಾಣುತ್ತಿರುತ್ತದೆ. ಕಷ್ಟ ಇರುವುದು ಉಳಿದ ದಿನಗಳಲ್ಲಿ. ಗ್ರೀಸ್ ಹಚ್ಚುವ ದಿನ. ಬೋಲ್ಟ್ ತಟ್ಟಿ ನೋಡುವ ದಿನ. ಯಾರೂ ಫೋಟೋ ತೆಗೆಯದ ದಿನ. ಜಲಾಶಯದ ಚೈನ್ ವಿಷಯ ತಜ್ಞರಿಗೆ ಬಿಟ್ಟದ್ದು, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ನನ್ನ ಬೆಲ್ಟಿನ ವಿಷಯ ಮಾತ್ರ ಹೇಳುತ್ತೇನೆ. ಹರಿದ ರಾತ್ರಿ ನಲವತ್ತು ಜನ ಓಡಿ ಬಂದಿದ್ದರು. ಕರೆಯದೇ ಬಂದಿದ್ದರು. ಅದಕ್ಕೂ ಮುಂಚಿನ ನಾಲ್ಕು ದಿನ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ.

ಅಪಾಯ ಎಲ್ಲರಿಗೂ ಕಾಣುವಂತಿದ್ದರೆ ಜನ ಕೂಡುತ್ತಾರೆ ಅನ್ನುವುದಕ್ಕೆ ಕಾಲುವೆಯ ಕೊನೆಯಲ್ಲಿ ಸಾಕ್ಷಿ ಇದೆ. ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಹರಿದು ರಾಯಚೂರು ಕಡೆ ಮುಗಿಯುತ್ತದೆ. 69ನೇ ಮೈಲಿಗೆ ಎಷ್ಟು ಅಡಿ ನೀರಿದೆ, 104ನೇ ಮೈಲಿಗೆ ಎಷ್ಟಿದೆ ಅನ್ನುವುದು ಅಲ್ಲಿನ ಹೋಟೆಲ್‌ಗಳಲ್ಲಿ ದಿನದ ಮಾತು. ಮೇಲಿನವರು ತೂಬು ಜಾಸ್ತಿ ಎತ್ತಿದರೆ ಕೆಳಗಿನವರ ಗದ್ದೆ ಬಿರುಕು ಬಿಡುತ್ತದೆ. ರಾಬರ್ಟ್ ವೇಡ್ ಎಂಬ ಸಂಶೋಧಕರು ಪಕ್ಕದ ಆಂಧ್ರದ ಒಣ ಸೀಮೆಯ ಕಾಲುವೆ ಊರುಗಳಲ್ಲಿ ಓಡಾಡಿ ಒಂದು ಸಂಗತಿ ಕಂಡುಕೊಂಡರು. ಕಾಲುವೆಯ ತಲೆ ಭಾಗದ ಊರುಗಳಲ್ಲಿ ಜನ ಕೂಡಿ ಅಷ್ಟಾಗಿ ಏನನ್ನೂ ಕಟ್ಟಿಕೊಂಡಿರಲಿಲ್ಲ. ಕೊನೆಯ ಕಡೆಯ ಹಲವು ಊರುಗಳಲ್ಲಿ ಸಾಮೂಹಿಕ ಹಣ ಇತ್ತು, ಎಲ್ಲರೂ ಸೇರಿ ನೇಮಿಸಿದ ನೀರುಗಂಟಿಗಳಿದ್ದರು, ಬೆಳೆ ಕಾಯುವವರಿದ್ದರು. ತಲೆ ಭಾಗದವರು ಕೆಟ್ಟವರು, ಕೊನೆಯವರು ಒಳ್ಳೆಯವರು ಅಂತೇನಲ್ಲ. ಕೊನೆಯವರಿಗೆ ಕೂಡದೆ ಗತಿ ಇರಲಿಲ್ಲ, ಕೂಡಿದರೆ ನೀರು ಬರುವುದು ಕಣ್ಣಿಗೆ ಕಾಣುತ್ತಿತ್ತು.

ಇದನ್ನು ಯೋಚಿಸುವಾಗ ನನಗೆ ಹೊಳೆದದ್ದು ಇಷ್ಟು. ನಮ್ಮ ಆಪರೇಟರಿಗೆ ಏನು ಹೋಗುತ್ತದೆ ಅಂತ ನಾವು ತೋರಿಸಿಯೇ ಇರಲಿಲ್ಲ. ಏನು ಬರುತ್ತದೆ ಅಂತಲೂ ತೋರಿಸಿರಲಿಲ್ಲ. ಬೆಲ್ಟ್ ನಿಂತರೆ ಬೈಗುಳ, ಓಡಿದರೆ ಏನೂ ಇಲ್ಲ. ಅವನ ಜಾಗದಲ್ಲಿ ನಾನಿದ್ದರೂ ಸುಮ್ನೆ ಇರುತ್ತಿದ್ದೆ.

ಮೊದಲು ಮಾಡಿದ ಕೆಲಸ, ಆ ಕಾಗದ ಹಿಡಿದುಕೊಂಡು ಗ್ಯಾಲರಿಗೆ ಹೋದದ್ದು. ಶಿಫ್ಟ್ ಬದಲಾಗುವ ಹೊತ್ತು, ಎರಡೂ ಶಿಫ್ಟಿನವರಿದ್ದರು. ‘ಇದನ್ನು ಬರೆಸಿಕೊಂಡದ್ದು ನನ್ನ ತಪ್ಪು. ಅವತ್ತು ಅವನು ಹಗ್ಗ ಎಳೆದದ್ದು ಸರಿ’ ಅಂತ ಎಲ್ಲರ ಎದುರು ಹೇಳಿದೆ. ಅವನು ನೆಲ ನೋಡುತ್ತಿದ್ದ. ಯಾರೂ ಮಾತಾಡಲಿಲ್ಲ. ಅವತ್ತಿಗೆ ಏನೂ ಬದಲಾಗಲಿಲ್ಲ ಅಂತಲೇ ಹೇಳಬೇಕು. ಜನಕ್ಕೆ ಮಾತು ಸಾಕಾಗಿರುತ್ತದೆ. ಅವರು ಮುಂದಿನದನ್ನು ಕಾಯುತ್ತಾರೆ.

ಹಗ್ಗದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಬೆಲ್ಟ್ ಪಕ್ಕದಲ್ಲಿ ಉದ್ದಕ್ಕೂ ಒಂದು ಹಗ್ಗ ಹೋಗಿರುತ್ತದೆ, ಪುಲ್ ಕಾರ್ಡ್ ಅನ್ನುತ್ತಾರೆ. ಎಲ್ಲಿ ಎಳೆದರೂ ಬೆಲ್ಟ್ ನಿಲ್ಲುತ್ತದೆ. ಯಾರಾದರೂ ಸಿಕ್ಕಿಹಾಕಿಕೊಂಡರೆ, ಏನಾದರೂ ಕೆಟ್ಟರೆ ಎಳೆಯಲಿ ಅಂತಲೇ ಇರುವುದು. ನಮ್ಮಲ್ಲಿ ಅದಕ್ಕೆ ಧೂಳು ಮೆತ್ತಿತ್ತು. ‘ಎಳೆದವರನ್ನು ಯಾಕೆ ಎಳೆದೆ ಅಂತ ಯಾರೂ ಕೇಳುವಂತಿಲ್ಲ, ಏನು ಕೇಳಿಸಿತು ಅಂತ ಮಾತ್ರ ಕೇಳಬೇಕು’ ಅಂತ ತೀರ್ಮಾನ ಮಾಡಿದೆವು. ಮೀಟಿಂಗನ್ನು ಆಫೀಸಿನಿಂದ ಗ್ಯಾಲರಿಯ ಬುಡಕ್ಕೆ ತಂದೆವು. ದಿನಕ್ಕೆ ಹತ್ತು ನಿಮಿಷ, ನಿಂತುಕೊಂಡೇ. ಗುತ್ತಿಗೆಯವರೂ ಅದರಲ್ಲಿ ಇರುತ್ತಾರೆ. ಮೊದಲು ಮಾತಾಡುವುದು ರಾತ್ರಿ ಡ್ಯೂಟಿ ಮಾಡಿದವರು. ನಾನು ಕೊನೆಗೆ.

ಹದಿನೈದು ದಿನ ಯಾರೂ ಹಗ್ಗ ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಗುತ್ತಿಗೆಯ ಒಬ್ಬ ಹುಡುಗ ಎಳೆದ. ಬೆಲ್ಟ್ ನಲವತ್ತು ನಿಮಿಷ ನಿಂತಿತು. ರೋಲರ್ ಎಲ್ಲ ತಿರುಗಿಸಿ ನೋಡಿದೆವು. ಏನೂ ಸಿಗಲಿಲ್ಲ. ಹಿಂದೆ ಆದ ಹಾಗೇ ಆಯಿತು. ಮೇಲಿನಿಂದ ಫೋನ್ ಬಂತು, ಯಾರು ನಿಲ್ಲಿಸಿದ್ದು ಹೆಸರು ಹೇಳಿ ಅಂತ. ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದರು, ಯಾರೂ ನನ್ನ ಮುಖ ನೋಡದೆ ಕಿವಿ ಮಾತ್ರ ಇತ್ತ ಇಟ್ಟಿದ್ದರು. ನನ್ನ ಗಂಟಲು ಒಣಗಿತ್ತು. ‘ನಿಲ್ಲಿಸಲು ನಾನೇ ಹೇಳಿದ್ದು. ನನ್ನ ಹೆಸರು ಬರೆದುಕೊಳ್ಳಿ’ ಅಂದೆ. ಫೋನಿನಲ್ಲಿ ನಾಲ್ಕು ಮಾತು ಕೇಳಬೇಕಾಯಿತು. ಕೇಳಿದೆ.

ಅವತ್ತಿನ ನಂತರ ರಿಜಿಸ್ಟರ್ ತುಂಬತೊಡಗಿತು. ಒಂದೇ ವಾರದಲ್ಲಿ ಇಪ್ಪತ್ತಕ್ಕೂ ಹೆಚ್ಚು ದೂರು. ಅರ್ಧದಷ್ಟು ಏನೂ ಅಲ್ಲದವು. ಉಳಿದವುಗಳಲ್ಲಿ ಮೂರು ರೋಲರ್ ಸವೆದು ಕಾಗದದಷ್ಟು ತೆಳುವಾಗಿದ್ದವು. ಅವನ್ನು ಬಿಚ್ಚಿ ಮೀಟಿಂಗ್ ನಡೆಯುವ ಜಾಗದಲ್ಲೇ ಇಟ್ಟೆವು. ಯಾರು ಗುರುತಿಸಿದ್ದು ಅಂತ ಸೀಮೆಸುಣ್ಣದಲ್ಲಿ ಅದರ ಮೇಲೇ ಬರೆದೆವು. ಬಹುಮಾನ ಏನೂ ಇರಲಿಲ್ಲ. ಆದರೆ ಹೋಗುವವರು ಬರುವವರು ನಿಂತು ಹೆಸರು ಓದುತ್ತಿದ್ದರು.

ಎಲ್ಲ ಸರಿಹೋಗಿದೆ ಅಂತ ನಾನು ಹೇಳಲಾರೆ. ಗುತ್ತಿಗೆಯವರ ಕೂಲಿ ನನ್ನ ಕೈಯಲ್ಲಿಲ್ಲ. ಅದು ಸರಿಯಾಗದ ತನಕ ಈ ಕೆಲಸ ಅರ್ಧವೇ. ಊಟದ ಸರದಿ ಒಂದಾಗಿದೆ, ನೀರಿನ ಟ್ಯಾಂಕ್ ಗ್ಯಾಲರಿ ಬುಡಕ್ಕೆ ಬಂದಿದೆ. ಅದಕ್ಕೇ ಒಂದು ವರ್ಷ ಪತ್ರ ಬರೆಯಬೇಕಾಯಿತು.

ಕಾಗದ ಬರೆದುಕೊಟ್ಟಿದ್ದ ಆ ಹುಡುಗ ಈಗ ಹೊಸಬರಿಗೆ ಕೆಲಸ ಕಲಿಸುತ್ತಾನೆ. ಹೋದ ತಿಂಗಳು ಒಬ್ಬ ಹೊಸ ಹುಡುಗನನ್ನು ಕರೆದುಕೊಂಡು ಗ್ಯಾಲರಿಯಲ್ಲಿ ನಡೆಯುತ್ತಿದ್ದ. ನಾನು ಹಿಂದೆ ಇದ್ದೆ, ಅವರಿಗೆ ಗೊತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ರೋಲರಿನ ಫ್ರೇಮಿಗೆ ಒತ್ತಿ ಹಿಡಿದ. ಹಿಡಿಕೆಯನ್ನು ಹುಡುಗನ ಕಿವಿಗೆ ಹಚ್ಚಿಸಿದ. ‘ಕೇಳ್ತೈತೇನು? ಇದು ಚಲೋ ಐತಿ.’ ಮುಂದಿನದಕ್ಕೆ ಹೋದ. ‘ಇದು? ಸ್ವಲ್ಪ ಗೊರಗೊರ ಅನ್ನಾಕತ್ತೈತಿ, ನೋಡು. ಇದನ್ನ ಬರಿ.’ ಹುಡುಗ ಜೇಬಿನಿಂದ ಸೀಮೆಸುಣ್ಣ ತೆಗೆದು ಗುರುತು ಹಾಕಿದ.

‘ಅಣ್ಣಾ, ನಾ ಎಲ್ಲಿತನಕ ನೋಡ್ಬೇಕು?’ ಅಂತ ಕೇಳಿದ ಹುಡುಗ.

ಅವನು ಮುಂದೆ ಕೈ ತೋರಿಸಿದ. ‘ಆ ದೀಪದ ಕಂಬ ಐತಲ್ಲ, ಅಲ್ಲಿತನಕ ನಿಂದು. ಅಲ್ಲಿಂದ ಆಚೀಕ ನಂದು.’